ಮಾಳಿಗಿ ಮ್ಯಾಲ ಮಾಳಿಗಿ: ಕೆಳಗಿನ ಗೋಡೆ ತಾಳೀತೇ?

ಗುಂಜೋಟಿ (ಉಮರ್ಗಾ ತಾಲೂಕು): ಸೋಯಾಬೀನ್ ರಾಶಿ ಮುಗಿದು ಕೈಯಲ್ಲಿ ನಾಲ್ಕು ದುಡ್ಡು ಕೂಡಿತೆಂದರೆ ಗಡಿ ಭಾಗದ ಹಳ್ಳಿಗಳಲ್ಲಿ ಮೊದಲು ಏಳುವುದು ಮನೆಯ ಮಾತು. ಹಿರಿ ಮಗನ ಲಗ್ನ ಆಗಿರುತ್ತದೆ, ಕಿರಿಯವನಿಗೆ ಹೆಣ್ಣು ಗೊತ್ತಾಗಿರುತ್ತದೆ, ಇರುವುದು ಎರಡೇ ಖೋಲಿ. ಊರ ಗಾವಠಾಣದಲ್ಲಿ ಖಾಲಿ ಜಾಗ ಇಲ್ಲ. ಹೊಲದಲ್ಲಿ ಕಟ್ಟಬೇಕೆಂದರೆ ನೀರು, ಲೈಟು, ದಾರಿಯ ತಂಟೆ. ಆಗ ಎಲ್ಲರ ಕಣ್ಣೂ ಹೋಗುವುದು ಮೇಲಕ್ಕೆ. ‘ಮ್ಯಾಲ ಒಂದ್ ಮಾಳಿಗಿ ಎಳದ್ರ ಮುಗೀತಲ್ಲ’ ಎಂಬ ಮಾತಿಗೆ ಮನೆಯಲ್ಲಿ ಎದುರು ಹೇಳುವವರು ಕಡಿಮೆ.

ಗುಂಜೋಟಿ, ಮುರುಮ್, ಕದೇರ, ತುರೋರಿ ಸುತ್ತಿನ ಕನ್ನಡ ಮನೆತನಗಳಿಗೆ ‘ಮಾಳಿಗಿ’ ಎಂಬ ಮಾತು ಹೊಸದೇನಲ್ಲ. ಬೆಂಗಳೂರು ಕಡೆಯವರಿಗೆ ಮಾಳಿಗೆ ಎಂದರೆ ಮಹಡಿ. ಇಲ್ಲಿಯವರಿಗೆ ಮಾಳಿಗಿ ಎಂದರೆ ತೊಲೆ, ಜಂತಿಗಳ ಮೇಲೆ ಮಣ್ಣು ಹೊದಿಸಿದ ಸಪಾಟು ಮನೆ. ಮರಾಠಿಯವರು ಅದನ್ನೇ ‘ಮಾಳವದ’ ಎನ್ನುತ್ತಾರೆ. ಈಗ ಆ ಮಣ್ಣಿನ ಮಾಳಿಗೆಯನ್ನು ಕಿತ್ತು, ಅದೇ ಕಲ್ಲಿನ ಗೋಡೆಯ ಮೇಲೆ ಸ್ಲ್ಯಾಬ್ ಹಾಕಿ, ಆ ಸ್ಲ್ಯಾಬಿನ ಮೇಲೆ ಇನ್ನೊಂದು ಅಂತಸ್ತು ಏರಿಸುವ ಕೆಲಸ ನಡೆದಿರುತ್ತದೆ. ಮನೆ ಎಷ್ಟು ಎತ್ತರ ಕಟ್ಟಬಹುದು ಎಂದು ಪಂಚಾಯತಿಗೆ ಹೋಗಿ ಕೇಳುವವರು ಕೆಲವರಾದರೂ ಇದ್ದಾರೆ. ಕೆಳಗಿನ ಗೋಡೆ ಎಷ್ಟು ಎತ್ತರ ತಾಳುತ್ತದೆ ಎಂದು ಕೇಳುವವರು ವಿರಳ. 1993ರಲ್ಲಿ ಈ ತಾಲೂಕಿಗೆ ಪೆಟ್ಟು ಕೊಟ್ಟದ್ದು ಎರಡನೆಯ ಪ್ರಶ್ನೆಯೇ.

ಕಾಗದದ ಎತ್ತರ

ಹಳ್ಳಿಯಲ್ಲಿ ಮನೆ ಕಟ್ಟಲು ಯಾರ ಪರವಾನಗಿಯೂ ಬೇಡ ಎಂಬ ನಂಬಿಕೆ ಬಹಳ ಕಡೆ ಇದೆ. ಅದು ತಪ್ಪು. 1958ರ ಗ್ರಾಮ ಪಂಚಾಯತಿ ಕಾಯ್ದೆಯ 52ನೇ ಕಲಮಿನ ಪ್ರಕಾರ ಊರ ಹದ್ದಿನಲ್ಲಿ ಹೊಸ ಮನೆ ಕಟ್ಟಲು, ಹಳೆಯದನ್ನು ಮತ್ತೆ ಕಟ್ಟಲು ಪಂಚಾಯತಿಯ ಒಪ್ಪಿಗೆ ಪಡೆಯಬೇಕು. ಗಾವಠಾಣದ ಹೊರಗೆ 1966ರ ನಗರ ಯೋಜನಾ ಕಾಯ್ದೆ ಮತ್ತು ಅದೇ ವರ್ಷದ ಭೂಕಂದಾಯ ಸಂಹಿತೆ ಬರುತ್ತವೆ. 2020ರ ಡಿಸೆಂಬರದಲ್ಲಿ ಮಹಾರಾಷ್ಟ್ರ ಸರಕಾರ ಮುಂಬೈ ಮೊದಲಾದ ಕೆಲವೇ ಜಾಗ ಬಿಟ್ಟು ರಾಜ್ಯಕ್ಕೆಲ್ಲ ಒಂದೇ ಬಾಂಧಕಾಮ ನಿಯಮಾವಳಿ ತಂದಿತು. ಅದರಲ್ಲಿ ಮನೆಯ ಎತ್ತರ, ಎದುರಿನ ರಸ್ತೆಯ ಅಗಲ, ಸುತ್ತ ಬಿಡಬೇಕಾದ ಜಾಗ ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ರಸ್ತೆ ಇಕ್ಕಟ್ಟಾದಷ್ಟೂ ಮೇಲೆ ಏರುವ ಅವಕಾಶ ಕಡಿಮೆ.

2021ರಲ್ಲಿ ಹಳ್ಳಿಗರಿಗೆ ಸಡಿಲಿಕೆ ಬಂತು. 3,200 ಚದರ ಅಡಿವರೆಗಿನ ಜಾಗದಲ್ಲಿ ಮನೆ ಕಟ್ಟಲು ನಗರರಚನಾ ಕಚೇರಿಗೆ ಅಲೆಯುವುದು ಬೇಡ, ವ್ಯವಹಾರ ಪಂಚಾಯತಿಯಲ್ಲೇ ಮುಗಿಯಲಿ ಎಂದು ಗ್ರಾಮವಿಕಾಸ ಖಾತೆ ಹೇಳಿತು. ಜಿಲ್ಲಾ ಕೇಂದ್ರಕ್ಕೆ ಹೋಗಿ ಸಾಹೇಬರು ಸಿಗದೆ ತಿರುಗಿ ಬರುವ ರೈತನಿಗೆ ಇದು ದೊಡ್ಡ ಉಪಕಾರವೇ. ಆದರೆ ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಗ್ರಾಮಸೇವಕರು ಇಂಜಿನಿಯರ್ ಅಲ್ಲ. ಅವರು ನೋಡುವುದು ಆಠ ನಂಬರ ಉತಾರಾ ಯಾರ ಹೆಸರಲ್ಲಿದೆ, ಮನೆಪಟ್ಟಿ ತುಂಬಿದೆಯೇ, ಜಾಗದ ಚತುಸ್ಸೀಮೆ ಸರಿಯಿದೆಯೇ ಎಂದು. ಗೋಡೆಯ ಒಳಗೆ ಏನಿದೆ ಎಂಬುದು ಯಾವ ಉತಾರಾದಲ್ಲೂ ಬರೆದಿರುವುದಿಲ್ಲ.

2020ರಲ್ಲಿ ಸುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗಾವಠಾಣಗಳ ಅಳತೆ ಮಾಡುತ್ತ ಬರಲಾಗಿದೆ. ಮನೆಗೊಂದು ಮಿಳಕತ್ ಪತ್ರಿಕೆ ಕೈಗೆ ಬಂದರೆ ಬ್ಯಾಂಕಿನವರೂ ಮಾತಾಡಿಸುತ್ತಾರೆ. ಡ್ರೋನಿಗೆ ಕಾಣುವುದು ಮೇಲಿನಿಂದ ಜಾಗದ ಉದ್ದ, ಅಗಲ. ಆ ಪತ್ರಿಕೆಯ ಬಲದ ಮೇಲೆ ಸಾಲ ತೆಗೆದು ಏರಿಸುವ ಮಾಳಿಗಿ ನಿಲ್ಲುವುದು ಮಾತ್ರ ಅಜ್ಜನ ಕಾಲದ ಕಲ್ಲಿನ ಮೇಲೆ.

ಗಣಪತಿ ಬಿಟ್ಟು ಬಂದ ರಾತ್ರಿ

1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ. ಗಣಪತಿ ವಿಸರ್ಜನೆ ಮುಗಿಸಿ ಬಂದು ಜನ ಮಲಗಿದ್ದರು. ಕಿಲ್ಲಾರಿಯ ಕೆಳಗೆ ಭೂಮಿ ಅಲುಗಿತು. ಅಳತೆಯಲ್ಲಿ ಅದು 6.2ರಿಂದ 6.4ರ ಆಸುಪಾಸಿನ ಭೂಕಂಪ. ಜಗತ್ತಿನ ಲೆಕ್ಕದಲ್ಲಿ ಅದು ಮಹಾ ಭೂಕಂಪವೇನಲ್ಲ. ಆದರೂ ಸುಮಾರು 8 ಸಾವಿರ ಜನ ಸತ್ತರು. ಲಾತೂರ ಜಿಲ್ಲೆಯ ಔಸಾ ತಾಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲೂಕಿನಲ್ಲಿದ್ದು ನಂತರ ಲೋಹಾರಾ ತಾಲೂಕಿಗೆ ಸೇರಿದ ಸಾಸ್ತೂರ ಸಹಿತ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಹಾನಿಯಾದ ಮನೆಗಳ ದುರಸ್ತಿ ಕೆಲಸ ಎರಡು ಸಾವಿರಕ್ಕೂ ಹೆಚ್ಚು ಹಳ್ಳಿಗಳಿಗೆ ಹಬ್ಬಿತು. ಕಲಬುರ್ಗಿ, ಬೀದರ ಜಿಲ್ಲೆಗಳಲ್ಲೂ ಜನ ಎದ್ದು ಹೊರಗೆ ಓಡಿದ್ದರು.

ಅಷ್ಟು ಜನರನ್ನು ಕೊಂದದ್ದು ಭೂಮಿ ಅಲ್ಲ, ಮನೆ. ನಂತರ ಬಂದು ನೋಡಿದ ಇಂಜಿನಿಯರರೆಲ್ಲ ಒಂದೇ ಮಾತು ಬರೆದರು: ಹೆಚ್ಚಿನವರು ಸತ್ತದ್ದು ಕಲ್ಲು ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಕೆಳಗೆ ಸಿಕ್ಕು. ಆವರೆಗೆ ದೇಶದ ಭೂಕಂಪ ನಕಾಶೆಯಲ್ಲಿ ಲಾತೂರ ಭಾಗ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಒಂದನೆಯ ವಲಯವನ್ನೇ ತೆಗೆದು ಎರಡರಲ್ಲಿ ಸೇರಿಸಲಾಯಿತು. ಕಿಲ್ಲಾರಿ ಪರಿಸರ ಮೂರನೆಯ ವಲಯಕ್ಕೆ ಬಂತು.

ಮೂವತ್ತು ವರ್ಷದ ಮೇಲಾಯಿತು, ಇನ್ನೇನು ಆಗುತ್ತದೆ ಎನ್ನುವವರಿಗೆ ಎರಡು ನೆನಪು ಸಾಕು. 2021ರ ಅಕ್ಟೋಬರದಲ್ಲಿ ಕಲಬುರ್ಗಿ ಜಿಲ್ಲೆ ಚಿಂಚೋಳಿ ತಾಲೂಕಿನ ಗಡಿಕೇಶ್ವರದ ಜನ ಮೇಲಿಂದ ಮೇಲೆ ಬಂದ ನಡುಕಕ್ಕೆ ಹೆದರಿ ಮನೆಯ ಹೊರಗೆ ಮಲಗಿದರು, ಎಷ್ಟೋ ಕುಟುಂಬ ಊರೇ ಬಿಟ್ಟವು. 2024ರಲ್ಲಿ ಮಾರ್ಚ್ ತಿಂಗಳಲ್ಲೊಮ್ಮೆ, ಜುಲೈನಲ್ಲಿ ಮತ್ತೊಮ್ಮೆ ಮರಾಠವಾಡದ ಹಿಂಗೋಲಿ ಕಡೆ ನೆಲ ನಡುಗಿತು; ಎರಡೂ ಸಲ ಅಳತೆ 4.5ರಷ್ಟಿತ್ತು. ಈ ಗಡಿಯ ಅತ್ತಲೂ ಇತ್ತಲೂ ಭೂಮಿ ಪೂರ್ತಿ ಸುಮ್ಮನೆ ಕೂತಿಲ್ಲ.

ತಲೆ ಮೇಲಿನ ಮೂಟೆ

ಎಸ್.ಟಿ. ಬಸ್ಸಿನಲ್ಲಿ ನಿಂತು ಹೋಗುವವರಿಗೆ ಭೂಕಂಪದ ಶಾಸ್ತ್ರ ಬೇರೆ ಹೇಳಿಕೊಡಬೇಕಿಲ್ಲ. ಡ್ರೈವರ್ ಬ್ರೇಕ್ ಒತ್ತಿದ ಕೂಡಲೇ ಕಾಲು ಬಸ್ಸಿನ ಜೊತೆ ನಿಲ್ಲುತ್ತದೆ, ಮೈ ಮುಂದಕ್ಕೆ ಹೋಗುತ್ತದೆ. ತಲೆ ಮೇಲೆ ಜೋಳದ ಮೂಟೆ ಇದ್ದವನು ಮೊದಲು ಬೀಳುತ್ತಾನೆ. ನೆಲ ಅಲುಗಿದಾಗ ಮನೆಗೂ ಆಗುವುದು ಅದೇ. ಮೇಲಿನ ಭಾರ ಎಷ್ಟು ಹೆಚ್ಚೋ ತಳ್ಳಾಟ ಅಷ್ಟು ಹೆಚ್ಚು. ಆ ಭಾರ ಎಷ್ಟು ಎತ್ತರದಲ್ಲಿದೆಯೋ ಕೆಳಗಿನ ಗೋಡೆಗೆ ಅಷ್ಟು ಪೆಟ್ಟು.

ಹಳೆಯ ಮಾಳಿಗಿಯ ಭಾರ ಎಷ್ಟು? ಹತ್ತು ಫೂಟು ಉದ್ದ, ಹತ್ತು ಫೂಟು ಅಗಲದ ಒಂದು ಖೋಲಿ ತೆಗೆದುಕೊಳ್ಳಿ. ಮಳೆಗಾಲದ ಮುಂದೆ ಸೋರುವುದಕ್ಕೆ ಮದ್ದು ಎಂದು ವರ್ಷಾ ವರ್ಷಾ ಮಣ್ಣು ಹಾಕಿ ಹಾಕಿ ಎರಡು ಫೂಟು ದಪ್ಪ ಆಗಿದೆ. ಎರಡುನೂರು ಘನ ಅಡಿ ಮಣ್ಣು ಎಂದರೆ ಕಡಿಮೆ ಎಂದರೂ ಒಂಬತ್ತು ಟನ್. ಹಳೇ ನಮೂನೆಯ ಒಂದು ಲಾರಿ ತುಂಬ ಮಾಲು. ಮಳೆ ನೀರು ಕುಡಿದ ಮೇಲೆ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ತಂಪು, ಚಳಿಗೆ ಬೆಚ್ಚಗೆ ಎಂದು ಹಿರಿಯರು ಕಟ್ಟಿಕೊಂಡ ಬುದ್ಧಿವಂತಿಕೆಯ ಮನೆ ಅದು. ಆದರೆ ಲಾರಿ ತಲೆ ಮೇಲೆ ನಿಂತಿರುವುದೂ ಖರೇ.

ಹಾಗಾದರೆ ಮಣ್ಣು ತೆಗೆದು ಸ್ಲ್ಯಾಬ್ ಹಾಕಿದರೆ ಹಗುರ ಆಗಲಿಲ್ಲವೇ ಎಂದು ಕೇಳಬಹುದು. ಆಯಿತು. ಅದೇ ಖೋಲಿಗೆ ಐದು ಇಂಚಿನ ಸ್ಲ್ಯಾಬ್ ಭಾರ ಸುಮಾರು ಮೂರು ಟನ್. ಅಲ್ಲಿಗೇ ನಿಲ್ಲಿಸಿದರೆ ಆರು ಟನ್ ಉಳಿತಾಯ. ಆದರೆ ಯಾರು ನಿಲ್ಲಿಸುತ್ತಾರೆ? ಅದರ ಮೇಲೆ ಒಂಬತ್ತು ಇಂಚಿನ ಇಟ್ಟಂಗಿ ಗೋಡೆ ಹತ್ತು ಫೂಟು ಎಬ್ಬಿಸಿದರೆ ಒಂದೊಂದು ಗೋಡೆ ನಾಲ್ಕು ಟನ್. ನಾಲ್ಕು ಗೋಡೆಗೆ ಹದಿನಾರು, ಮೇಲಿನ ಸ್ಲ್ಯಾಬಿಗೆ ಮತ್ತೆ ಮೂರು. ಬಾಗಿಲು, ಕಿಟಕಿ ಕಳೆದರೂ ಮಣ್ಣಿನ ಮಾಳಿಗಿಗಿಂತ ಎರಡು ಪಟ್ಟು ಭಾರ ಮೇಲೆ ಬಂದು ಕೂತಿತು, ಅದೂ ಮೊದಲಿಗಿಂತ ಎತ್ತರದಲ್ಲಿ. ಕಲ್ಲು ಪುಕ್ಕಟೆ ಬಿದ್ದಿದೆ ಎಂದು ಮೇಲಿನ ಅಂತಸ್ತಿಗೂ ಹದಿನೆಂಟು ಇಂಚಿನ ಕಲ್ಲಿನ ಗೋಡೆ ಎಬ್ಬಿಸಿದರೆ ಒಂದೊಂದೇ ಹತ್ತು ಟನ್.

ಇನ್ನೊಂದು ಸೂಕ್ಷ್ಮ ಇದೆ. ಹಳೆಯ ಮಾಳಿಗಿಯಲ್ಲಿ ಬಹಳಷ್ಟು ಕಡೆ ತೊಲೆ, ಜಂತಿ ಕೂತಿರುತ್ತಿದ್ದದ್ದು ಕಟ್ಟಿಗೆಯ ಕಂಬದ ಮೇಲೆ. ಮರಾಠಿಯಲ್ಲಿ ಖಣ, ನಮ್ಮಲ್ಲಿ ಅಂಕಣ. 1993ರಲ್ಲಿ ಎಷ್ಟೋ ಮನೆಗಳಲ್ಲಿ ಗೋಡೆ ಉರುಳಿದರೂ ಗಟ್ಟಿ ಕಂಬದ ಅಂಕಣ ನಿಂತುಕೊಂಡಿತ್ತು. ಸ್ಲ್ಯಾಬಿಗಾಗಿ ಮೊದಲು ಕೀಳುವುದು ಆ ಕಂಬಗಳನ್ನೇ. ಸಾಗವಾನಿ ಕಟ್ಟಿಗೆಗೆ ಪೇಟೆಯಲ್ಲಿ ಒಳ್ಳೇ ಬೆಲೆ ಬರುತ್ತದೆ. ಅಲ್ಲಿಯವರೆಗೆ ಕಂಬ ಹೊತ್ತಿದ್ದ ಭಾರ ಅಂದಿನಿಂದ ಮಣ್ಣಿನ ಗಾರೆಯ ಗೋಡೆಗೆ ಬೀಳುತ್ತದೆ. ಆ ಗೋಡೆಗೆ ಇದು ಹುಟ್ಟಿನಿಂದ ರೂಢಿ ಇಲ್ಲದ ಕೆಲಸ.

ಒಂಬತ್ತು ಫೂಟಿನ ಲೆಕ್ಕ

ಕಲ್ಲಿನ ಮನೆ ಎಷ್ಟು ಎತ್ತರ ಇರಬೇಕು ಎಂದು ಸರಕಾರಿ ಮಾನಕ ಸಂಸ್ಥೆಯ ಪುಸ್ತಕವೊಂದಿದೆ. ಐ.ಎಸ್. 13828 ಎಂದು ಅದರ ನಂಬರು. ಅದು ಪ್ರಕಟವಾದದ್ದೂ 1993ರಲ್ಲೇ ಎಂಬುದು ಕಾಲದ ಚೇಷ್ಟೆ. ಈ ಪುಸ್ತಕದ ಆಧಾರದ ಮೇಲೆ ಕಾನಪುರ ಐಐಟಿಯ ತಜ್ಞರು ಜನಸಾಮಾನ್ಯರಿಗಾಗಿ ಬರೆದ ಸೂಚನೆಗಳ ಸಾರ ಇಷ್ಟು: ಸಿಮೆಂಟ್ ಗಾರೆಯ ಕಲ್ಲಿನ ಮನೆ ಎರಡು ಅಂತಸ್ತಿಗಿಂತ ಮೇಲೆ ಹೋಗಬಾರದು. ಮಣ್ಣು ಅಥವಾ ಸುಣ್ಣದ ಗಾರೆಯದಾದರೆ ಒಂದೇ ಅಂತಸ್ತು. ಒಂದು ಅಂತಸ್ತಿನ ಎತ್ತರ 3 ಮೀಟರ್ ದಾಟಬಾರದು. ಅಡ್ಡ ಗೋಡೆಯ ಆಸರೆ ಇಲ್ಲದೆ ಒಂದು ಗೋಡೆ 5 ಮೀಟರಿಗಿಂತ ಉದ್ದ ಇರಬಾರದು.

ಇವುಗಳ ಜೊತೆ ದಪ್ಪದ ಮೇಲೂ ಎರಡು ಕಟ್ಟು ಇವೆ. ಗೋಡೆಯ ದಪ್ಪ ಅದರ ಎತ್ತರದ ಆರನೇ ಒಂದು ಪಾಲಿಗಿಂತ ಕಡಿಮೆ ಇರಬಾರದು ಎಂಬುದು ಒಂದು. 450 ಮಿಲಿಮೀಟರ್, ಅಂದರೆ ಹದಿನೆಂಟು ಇಂಚಿಗಿಂತ ಹೆಚ್ಚೂ ಇರಬಾರದು ಎಂಬುದು ಇನ್ನೊಂದು. ಎರಡನ್ನೂ ಕೂಡಿಸಿ ಲೆಕ್ಕ ಹಾಕಿ: ಹದಿನೆಂಟು ಇಂಚಿನ ಆರು ಪಟ್ಟು ಒಂಬತ್ತು ಫೂಟು. ಕಲ್ಲಿನ ಗೋಡೆಗೆ ಖರೇ ಎತ್ತರ ಇಷ್ಟೇ. ಹನ್ನೆರಡು ಫೂಟಿನ ವಾಡೆಯ ಗೋಡೆ ನೋಡಿ ಬೆಳೆದ ಕಣ್ಣಿಗೆ ಇದು ಗಿಡ್ಡ ಅನ್ನಿಸುತ್ತದೆ.

ದಪ್ಪ ಹೆಚ್ಚಾದರೆ ಒಳ್ಳೇದಲ್ಲವೇ? ‘ಕಾಕಾ, ಗ್ವಾಡಿ ಮೂರು ಫೂಟ್ ಅದ, ಆನಿ ಬಂದು ಗುದ್ದಿದ್ರೂ ಏನ್ ಆಗಂಗಿಲ್ಲ’ ಎಂಬ ಮಾತು ಈ ಕಡೆ ಎಲ್ಲರ ಬಾಯಲ್ಲಿರುವುದೇ. ಆನೆ ಗುದ್ದಿದರೆ ಆಗಲಿಕ್ಕಿಲ್ಲ. ಆದರೆ ಮೂರು ಫೂಟಿನ ಗೋಡೆ ನಿಜವಾಗಿ ಒಂದು ಗೋಡೆಯಲ್ಲ, ಎರಡು. ಹೊರಗೆ ಒಂದು ಸಾಲು ಕಲ್ಲು, ಒಳಗೆ ಒಂದು ಸಾಲು ಕಲ್ಲು, ನಡುವೆ ಮಣ್ಣು, ಜಲ್ಲಿ, ಒಡಕು ಚೂರು. ಎರಡೂ ಸಾಲನ್ನು ಹಿಡಿದುಕೊಳ್ಳುವ ಆರಪಾರ ಕಲ್ಲು ಇರುವುದಿಲ್ಲ. ನೆಲ ನಡುಗಿದಾಗ ನಡುವಿನ ಚೂರು ಕೆಳಗೆ ಇಳಿದು ಬೆಣೆ ಹೊಡೆದಂತೆ ಆಗುತ್ತದೆ. ಹೊರ ಸಾಲು ಓಣಿಗೆ, ಒಳ ಸಾಲು ಮಲಗಿದವರ ಮೇಲೆ. ದಪ್ಪ ಹೆಚ್ಚಾದಷ್ಟೂ ಎರಡು ಸಾಲುಗಳ ನಡುವಿನ ನಂಟು ಕಡಿಮೆ. ಅದಕ್ಕೇ ಪುಸ್ತಕ ದಪ್ಪಕ್ಕೂ ಮಿತಿ ಹಾಕಿದ್ದು.

ಪ್ರತಿ ಎರಡು ಫೂಟು ಎತ್ತರಕ್ಕೆ, ಸುಮಾರು ನಾಲ್ಕು ಫೂಟಿಗೊಂದರಂತೆ ಆರಪಾರ ಕಲ್ಲು ಇಡಬೇಕು. ಬಾಗಿಲು, ಕಿಟಕಿಯ ಮೇಲ್ಮಟ್ಟದಲ್ಲಿ ಮನೆ ಸುತ್ತ ಕಾಂಕ್ರೀಟಿನ ಪಟ್ಟಿ ಬರಬೇಕು. ಲಗ್ನದ ಪೆಟ್ಟಿಗೆಗೆ ಹಗ್ಗ ಬಿಗಿದಂತೆ ಅದು ನಾಲ್ಕೂ ಗೋಡೆಯನ್ನು ಹಿಡಿದಿಡುತ್ತದೆ. ಗುಂಡು ಕಲ್ಲು ಬೇಡ. ಇದರಲ್ಲಿ ಯಾವುದೂ ನಮ್ಮ ಗೌಂಡಿಗಳಿಗೆ ತಿಳಿಯದ ವಿದ್ಯೆಯಲ್ಲ. ಮನೆಯ ಯಜಮಾನ ಕೇಳಬೇಕು, ಅಷ್ಟೇ.

ಕಟ್ಟಿಕೊಟ್ಟ ಮನೆಗಳ ಪಾಠ

ಭೂಕಂಪದ ಮರುವರ್ಷದಿಂದ ವಿಶ್ವ ಬ್ಯಾಂಕಿನ ಸಾಲದ ನೆರವಿನಿಂದ ನಡೆದ ಪುನರ್ವಸತಿಯಲ್ಲಿ ಕಟ್ಟಿಕೊಟ್ಟದ್ದು ಒಂದೇ ಅಂತಸ್ತಿನ ಮನೆಗಳನ್ನು. ಜಮೀನು ನೋಡಿ ಅಳತೆ: ಭೂಮಿ ಇಲ್ಲದವರಿಗೆ, ಸಣ್ಣ ಹಿಡುವಳಿಯವರಿಗೆ 250 ಚದರ ಅಡಿ, ನಡುವಿನವರಿಗೆ 400, ದೊಡ್ಡವರಿಗೆ 750. ಮನೆ ಮನೆಗೆ ಅಂತರ ಬಿಟ್ಟು, ಅಗಲ ರಸ್ತೆ ಹಾಕಿದರು. ಹಳೆ ಊರಿನಲ್ಲಿ ಓಣಿಗೆ ಗೋಡೆ ಬಿದ್ದು ದಾರಿ ಮುಚ್ಚಿ, ಹೊರಗೆ ಓಡಿದವರೂ ಉಳಿಯದ ನೆನಪು ಆಗ ಹಸಿಯಾಗಿತ್ತು.

ಹೊಸ ಊರುಗಳ ಬಗ್ಗೆ ಜನರ ಮುನಿಸೂ ಸಣ್ಣದಲ್ಲ. ಕಟ್ಟಿ ಇಲ್ಲ, ಪಡಸಾಲಿ ಇಲ್ಲ, ದನಕ್ಕೆ ಜಾಗ ಇಲ್ಲ, ನೆರೆಹೊರೆ ಚದುರಿತು ಎಂದು ದೂರಿದರು. ಆ ದೂರಿನಲ್ಲಿ ಹುರುಳಿತ್ತು. ಊರು ಎಂದರೆ ರೇಖೆ ಎಳೆದ ಕಾಗದವಲ್ಲ. ಆದರೆ ಮುಂದೆ ನಡೆದದ್ದು ಕುತೂಹಲದ್ದು. ಕುಟುಂಬ ಬೆಳೆದಂತೆ ಜನ ಕಟ್ಟಿಕೊಟ್ಟ ಮನೆಯ ಮುಂದೆ, ಮಗ್ಗುಲಲ್ಲಿ ತಾವೇ ಖೋಲಿ ಸೇರಿಸಿದರು. ಹಲವು ಕಡೆ ಹಳೆಯ ಊರಿನಿಂದ ಅದೇ ಕಲ್ಲು ಹೇರಿಕೊಂಡು ಬಂದು, ಅದೇ ಹಳೆ ರೀತಿಯಲ್ಲಿ ಪೇರಿಸಿದರು. ಮೂವತ್ತು ವರ್ಷದ ನಂತರ ಎರಡನೇ ತಲೆಮಾರು ಪಾಲು ಕೇಳುತ್ತಿರುವಾಗ ಇಲ್ಲಿಯೂ ಅದೇ ಪ್ರಶ್ನೆ: ಮೇಲೆ ಏರಬಹುದೇ? ಒಂದೇ ಅಂತಸ್ತಿಗೆಂದು ಹಾಕಿದ ಪಾಯಾ ಎರಡನೆಯದನ್ನು ಹೊರುತ್ತದೆ ಎಂದು ತಾನಾಗಿಯೇ ತಿಳಿಯುವಂತಿಲ್ಲ.

ಸರಕಾರಿ ಘರಕುಲಕ್ಕೂ ಈ ಮಾತು ಹತ್ತುತ್ತದೆ. 2016ರಿಂದ ಪ್ರಧಾನಮಂತ್ರಿ ಆವಾಸ ಯೋಜನೆಯ ಗ್ರಾಮೀಣ ಮನೆಗೆ ಕನಿಷ್ಠ ಅಳತೆ 25 ಚದರ ಮೀಟರ್. ಫೂಟಿನ ಲೆಕ್ಕದಲ್ಲಿ 269. ಕಿಲ್ಲಾರಿಯ 250ಕ್ಕೂ ಇದಕ್ಕೂ ಬಹಳ ಫರಕಿಲ್ಲ. ಇಷ್ಟು ಸಣ್ಣ ಮನೆ ಕೊಟ್ಟ ಮೇಲೆ ಜನ ಮೇಲೆ ನೋಡದೆ ಎಲ್ಲಿ ನೋಡಬೇಕು? ಮೊದಲ ಕಂತು ಕೈಗೆ ಬಂದಾಗಲೇ, ಮುಂದೆ ಒಂದು ಅಂತಸ್ತು ಬರುವುದಿದೆ, ಪಾಯಾ ಮತ್ತು ಕಂಬ ಅದಕ್ಕೆ ತಕ್ಕಂತೆ ಹಾಕಿ ಎಂದು ಹೇಳಿದರೆ ಖರ್ಚು ಸ್ವಲ್ಪ ಏರುತ್ತದೆ. ಹತ್ತು ವರ್ಷದ ನಂತರ ಹೇಳಿದರೆ ಮನೆ ಕೆಡವಬೇಕಾಗುತ್ತದೆ.

ಒಂಬತ್ತು ಇಂಚಿನ ಕಂಬ

ಈಗಿನವರು ‘ನಮ್ದು ಕಾಲಂ ಬೀಮಿನ ಮನಿ, ನಮಗೇನ್ ಅಂಜಿಕಿ’ ಎನ್ನುತ್ತಾರೆ. ಕಂಬ ತೋರಿಸಿ ಎಂದರೆ ಒಂಬತ್ತು ಇಂಚು ಚೌಕ. ಇಟ್ಟಂಗಿ ಗೋಡೆಯ ದಪ್ಪವೂ ಒಂಬತ್ತು ಇಂಚು, ಕಂಬವೂ ಅಷ್ಟೇ ಇದ್ದರೆ ಒಳಗೆ ಮೂಲೆ ಕಾಣುವುದಿಲ್ಲ, ಅಲಮಾರಿ ಚೊಕ್ಕ ಕೂಡುತ್ತದೆ. ಭೂಕಂಪ ತಾಳುವ ಕಾಂಕ್ರೀಟ್ ಚೌಕಟ್ಟಿನ ಮಾನಕವಾದ ಐ.ಎಸ್. 13920 ಮೂರನೆಯ ವಲಯದಲ್ಲೂ ಕಡ್ಡಾಯ. 2016ರ ಪರಿಷ್ಕರಣೆಯಂತೆ ಕಂಬದ ಯಾವ ಮಗ್ಗುಲೂ 300 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಅಂದರೆ ಹನ್ನೆರಡು ಇಂಚು. ಅಲಮಾರಿಯ ಚೊಕ್ಕತನ ಬಿಟ್ಟುಕೊಡಬೇಕಾಗುತ್ತದೆ.

ಉಮರ್ಗಾದ ಹೆದ್ದಾರಿ ಮಗ್ಗುಲಲ್ಲಿ, ಮುರುಮ್ ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಎಂಬ ಪದ್ಧತಿ. ಅಂಗಡಿಗೆ ಶಟರ್ ಬೇಕು, ಆದ್ದರಿಂದ ಕೆಳಗೆ ಗೋಡೆ ಇಲ್ಲ, ಬರೀ ಕಂಬ. ಮೇಲೆ ಖೋಲಿ ಖೋಲಿಗೂ ಗೋಡೆ. 2001ರ ಜನವರಿ 26ರ ಗುಜರಾತ ಭೂಕಂಪದಲ್ಲಿ ಅಹಮದಾಬಾದಿನಲ್ಲಿ ಕುಸಿದ ಎಷ್ಟೋ ಕಟ್ಟಡ ಇಂಥವೇ: ಕೆಳಗೆ ಗಾಡಿ ನಿಲ್ಲಿಸಲು ಖಾಲಿ ಬಿಟ್ಟ, ಮೇಲೆ ಭಾರ ಹೊತ್ತ ಮನೆಗಳು. ಕಾಲು ಸಣ್ಣಗೆ, ಹೊಟ್ಟೆ ದೊಡ್ಡದಾದವನು ಜಾರಿದರೆ ಏಳುವುದು ಕಷ್ಟ.

ಮುಂದೆ ಎಂದಾದರೂ ಮೇಲೆ ಕಟ್ಟೋಣ ಎಂದು ಛತ್ತಿನ ಮೇಲೆ ಬಿಟ್ಟ ಕಬ್ಬಿಣದ ಸಳಿಗಳದು ಇನ್ನೊಂದು ಕಥೆ. ಹತ್ತು ಮಳೆಗಾಲ ತಿಂದು ಕೆಂಪಗೆ ತುಕ್ಕು ಹಿಡಿದ ಸಳಿಗೆ ಹೊಸ ಸಳಿ ಕಟ್ಟಿ ಕಂಬ ಎಬ್ಬಿಸುತ್ತಾರೆ. ಬಟ್ಟೆ ಒಣಹಾಕಲು ಆ ಸಳಿ ಬಹಳ ಉಪಯೋಗಕ್ಕೆ ಬಂದಿರುತ್ತದೆ. ಕಂಬ ಹೊರಲು ಅಷ್ಟು ಬರುವುದಿಲ್ಲ.

ವಾಯರಿನ ಕೆಳಗೆ

ಗೋಡೆ ಗಟ್ಟಿ ಇದ್ದರೂ ಎತ್ತರಕ್ಕೆ ಇನ್ನೊಂದು ತಡೆ ಇದೆ, ಅದು ಓಣಿಯಲ್ಲೇ ತೂಗಾಡುತ್ತಿರುತ್ತದೆ. ಮನೆಗೆ ಬರುವ ಸಾದಾ ಲೈನಿನ ವಾಯರು ಛತ್ತಿನಿಂದ ಮೇಲಕ್ಕೆ ಎರಡೂವರೆ ಮೀಟರ್, ಮಗ್ಗುಲಿಗೆ 1.2 ಮೀಟರ್ ದೂರ ಇರಬೇಕು. 11 ಸಾವಿರ ವೋಲ್ಟಿನ ಲೈನಾದರೆ ಮೇಲಕ್ಕೆ 3.7 ಮೀಟರ್, ಮಗ್ಗುಲಿಗೆ 1.2 ಮೀಟರ್. ಒಂದು ಅಂತಸ್ತಿನ ಮನೆ ಇದ್ದಾಗ ಬೇಕಾದಷ್ಟು ಎತ್ತರದಲ್ಲಿದ್ದ ವಾಯರು ಎರಡನೆಯದು ಎದ್ದ ಮೇಲೆ ಕೈಗೆ ಸಿಗುತ್ತದೆ. ಮಕ್ಕಳು ಛತ್ತಿನ ಮೇಲೆ ಪಟ ಹಾರಿಸುತ್ತಾರೆ, ಹೆಣ್ಣುಮಕ್ಕಳು ಹಪ್ಪಳ, ಶಾವಿಗಿ ಒಣಹಾಕುತ್ತಾರೆ. ಲೈನು ಸರಿಸಲು ಮಹಾವಿತರಣಕ್ಕೆ ಅರ್ಜಿ ಕೊಟ್ಟು ಖರ್ಚು ತುಂಬಬೇಕು. ಇದನ್ನು ಸ್ಲ್ಯಾಬ್ ಹಾಕುವ ಮೊದಲೇ ಮಾಡಬೇಕು. ಸೆಂಟ್ರಿಂಗಿನ ಕಬ್ಬಿಣ ವಾಯರಿಗೆ ತಾಗುವುದು ಕೆಲಸ ನಡೆದಾಗಲೇ.

ಗಡಿ ಆಚೆಯ ಬೀಗರು

ಆಳಂದ, ಬಸವಕಲ್ಯಾಣ ಕಡೆ ಬೀಗತನ ಇರುವವರು ಅಲ್ಲಿಯ ನಿಯಮ ಬೇರೆ, ಸುಲಭ ಎಂದುಕೊಂಡಿರುತ್ತಾರೆ. ಅಲ್ಲಿಯೂ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಂತೆ ಮನೆ ಕಟ್ಟಲು ಗ್ರಾಮ ಪಂಚಾಯಿತಿ ಅನುಮತಿ ಬೇಕು. ಕಾಗದದ ಹೆಸರು ಬೇರೆ, ಭಾಷೆ ಬೇರೆ. ಕರಿ ಕಲ್ಲು ಒಂದೇ, ಎರಿ ಮಣ್ಣು ಒಂದೇ, ಗೌಂಡಿಗಳೂ ಎಷ್ಟೋ ಸಲ ಒಬ್ಬರೇ. ಗಡಿ ಈಚೆಯ ಕನ್ನಡ ಮನೆಗಳಿಗೆ ಒಂದು ಹೆಚ್ಚಿನ ತೊಡಕು: ಸುತ್ತೋಲೆ, ನಕಾಶೆ, ಅರ್ಜಿ ಎಲ್ಲ ಮರಾಠಿಯಲ್ಲಿ. ಶಾಲೆಯಲ್ಲಿ ಮರಾಠಿ ಕಲಿತ ಮೊಮ್ಮಗ ಓದಿ ಹೇಳಬಲ್ಲ. ಆದರೆ ಮನೆಯ ತೀರ್ಮಾನ ಮಾಡುವ ಅಜ್ಜ, ಅಜ್ಜಿಗೆ ಅದು ಸಹಿ ಹಾಕುವ ಕಾಗದವಾಗಿ ಮಾತ್ರ ಮುಂದೆ ಬರುತ್ತದೆ.

ಈ ವಿಷಯದಲ್ಲಿ 1990ರ ದಶಕದ ಒಂದು ಅನುಭವ ನೆನೆಯುವಂಥದು. ದುರಸ್ತಿ ಕಾರ್ಯಕ್ರಮ ಹಳ್ಳಿಗೆ ಬಂದಾಗ ‘ಸ್ವಯಂ ಶಿಕ್ಷಣ ಪ್ರಯೋಗ’ ಎಂಬ ಸಂಸ್ಥೆಯ ಮೂಲಕ ಊರಿನ ಹೆಣ್ಣುಮಕ್ಕಳನ್ನೇ ಸಂವಾದ ಸಹಾಯಕರನ್ನಾಗಿ ನೇಮಿಸಲಾಗಿತ್ತು. ಅವರು ಮನೆ ಮನೆಗೆ ಹೋಗಿ ಅನುದಾನ ಎಷ್ಟು, ಗೋಡೆಗೆ ಏನು ಮಾಡಬೇಕು, ಮಾಳಿಗಿಯ ಮಣ್ಣು ಎಷ್ಟು ಇಳಿಸಬೇಕು ಎಂದು ಮನೆಯವರಿಗೆ ತಿಳಿಯುವ ಮಾತಿನಲ್ಲಿ ಹೇಳಿದರು. ಈಗ ಪರವಾನಗಿ ಪಂಚಾಯತಿಗೆ ಬಂದಿದೆ, ಆದರೆ ಹಾಗೆ ಬಂದು ಹೇಳುವವರ ಜಾಗ ಖಾಲಿ ಉಳಿದಿದೆ. ಮಹಿಳಾ ಬಚತ ಗಟಗಳು ಪ್ರತಿ ಊರಲ್ಲೂ ಇರುವಾಗ ಇದು ಆಗದ ಕೆಲಸವಲ್ಲ.

ಮೊದಲು ಪ್ಲಾಸ್ಟರ್ ಕೆತ್ತಿ ನೋಡಿ

ಮೇಲೆ ಕಟ್ಟಲೇಬೇಕು ಎನ್ನುವವರು ಗೌಂಡಿಗೆ ಬಯಾನಾ ಕೊಡುವ ಮೊದಲು ಒಂದು ಕೆಲಸ ಮಾಡಬಹುದು. ಕೆಳಗಿನ ಗೋಡೆಯಲ್ಲಿ ಎರಡು ಮೂರು ಕಡೆ ಎರಡು ಫೂಟು ಚೌಕದಷ್ಟು ಪ್ಲಾಸ್ಟರ್ ಕೆತ್ತಿಸಿ ನೋಡುವುದು. ಒಳಗೆ ಮಣ್ಣಿನ ಗಾರೆ ಇದ್ದರೆ ಅಲ್ಲಿಗೆ ಮಾತು ಮುಗಿಯಿತು. ಆ ಗೋಡೆಯ ಮೇಲೆ ಇನ್ನೊಂದು ಅಂತಸ್ತು ಬೇಡ. ಮೇಲಿನಿಂದ ಬಳಿದ ಸಿಮೆಂಟ್ ಅಂದ ಕೊಡುತ್ತದೆ, ಬಲ ಕೊಡುವುದಿಲ್ಲ. ಮೂಲೆಯಲ್ಲಿ ಮೇಲಿಂದ ಕೆಳಗೆ ಉದ್ದಕ್ಕೆ ಬಿರುಕು ಇದ್ದರೆ, ಗೋಡೆ ನಡುವೆ ಹೊಟ್ಟೆ ಉಬ್ಬಿದಂತೆ ಕಂಡರೆ ಎರಡು ಸಾಲು ಬಿಡಲು ಸುರುವಾಗಿದೆ ಎಂದೇ ತಿಳಿಯಬೇಕು.

ಎರಡನೆಯದು ಪಾಯಾ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೊರಂ ಸಿಗುವವರೆಗೆ ಪಾಯಾ ತೆಗೆದಿದ್ದರೆ ಸರಿ. ಹಳೆಯ ಮನೆಯದು ಎಷ್ಟು ಆಳ ಎಂದು ಹೊರಗಿನಿಂದ ಒಂದು ಗುಂಡಿ ತೋಡಿಸಿದರೆ ಅರ್ಧ ದಿನದಲ್ಲಿ ಗೊತ್ತಾಗುತ್ತದೆ.

ಹೊಸದಾಗಿ ಕಟ್ಟಲು ದುಡ್ಡಿಲ್ಲದವರು ಇದ್ದ ಮನೆಯನ್ನೇ ಗಟ್ಟಿ ಮಾಡಿಕೊಳ್ಳುವ ದಾರಿಯೂ ಇದೆ. ಮಾಳಿಗಿಯ ಮಣ್ಣನ್ನು ಎಂಟು ಇಂಚಿನವರೆಗೆ ಇಳಿಸುವುದು ಎಲ್ಲಕ್ಕಿಂತ ಅಗ್ಗದ ಕೆಲಸ. ನೀರು ಇಳಿಯದಂತೆ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿದರೆ ಮತ್ತೆ ಮಣ್ಣು ಹಾಕುವ ಪ್ರಸಂಗ ಬಾರದು. ಗೋಡೆಗೆ ಆರಪಾರ ರಂಧ್ರ ಕೊರೆದು, ಎರಡೂ ತುದಿ ಬಾಗಿಸಿದ ಸಳಿ ಇಟ್ಟು ಕಾಂಕ್ರೀಟ್ ತುಂಬಿದರೆ ಎರಡು ಸಾಲು ಒಂದಾಗುತ್ತವೆ. ಇದರ ವಿವರ ಐ.ಎಸ್. 13935ರಲ್ಲಿದೆ. ಕೆಲವರು ಗೋಡೆಯನ್ನು ಕಿಟಕಿಯ ಕೆಳಮಟ್ಟದವರೆಗೆ ಇಳಿಸಿ, ಅಲ್ಲಿಂದ ಮೇಲೆ ಇಟ್ಟಂಗಿ ಕಟ್ಟಿ, ಪಟ್ಟಿ ಹಾಕಿ, ಪತ್ರಾ ಹೊದಿಸುತ್ತಾರೆ. ಬೇಸಿಗೆಯಲ್ಲಿ ಪತ್ರಾದ ಕೆಳಗೆ ಬೇಯುವುದು ನಿಜ. ರಾತ್ರಿ ಅದು ತಲೆ ಮೇಲೆ ಬಿದ್ದರೂ ಮನುಷ್ಯ ಎದ್ದು ಹೊರಗೆ ಬರುತ್ತಾನೆ.

ಕಾಲಂ ಬೀಮಿನ ಮನೆ ಇದ್ದವರು ಏರಿಸುವ ಮೊದಲು ಸ್ಟ್ರಕ್ಚರಲ್ ಇಂಜಿನಿಯರಿಗೆ ತೋರಿಸಿ ಬರವಣಿಗೆಯಲ್ಲಿ ಅಭಿಪ್ರಾಯ ಪಡೆಯಬೇಕು. ನಕಾಶೆ ಬರೆದುಕೊಡುವವರೆಲ್ಲ ಸ್ಟ್ರಕ್ಚರಲ್ ಇಂಜಿನಿಯರರಲ್ಲ. ಪಂಚಾಯತಿಗೆ ಅರ್ಜಿ ಕೊಡುವಾಗ ಉತಾರಾ, ಮನೆಪಟ್ಟಿ ಪಾವತಿ, ಜಾಗದ ನಕಾಶೆಯ ಜೊತೆ ಆ ಅಭಿಪ್ರಾಯದ ಪ್ರತಿಯನ್ನೂ ಲಗತ್ತಿಸಿ, ಪೋಚ್ ಪಾವತಿ ಪಡೆದಿಟ್ಟುಕೊಳ್ಳಬೇಕು. ಇಂಜಿನಿಯರರ ಫೀಜು ದುಬಾರಿ ಎನ್ನುವವರು ಒಂದು ಚೀಲ ಸಿಮೆಂಟಿನ ದರ ಕೇಳಿ, ಮೇಲಿನ ಅಂತಸ್ತಿಗೆ ಎಷ್ಟು ಚೀಲ ಹತ್ತುತ್ತವೆ ಎಂದು ಗುಣಿಸಿ ನೋಡಬಹುದು.